ಗೇಮ್ ಟ್ರೇಲರ್‌ನಲ್ಲಿ ತೋರಿಸಿದ್ದೇ ಕೈಗೆ ಸಿಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಗೇಮ್‌ನ ಟ್ರೇಲರ್ ಬಂದಾಗ ಜಗಳ ಎರಡು ಸಲ ನಡೆಯುತ್ತದೆ. ಮೊದಲ ಸಲ, "ಇದು ನಿಜವಾದ ಗೇಮ್‌ಪ್ಲೇನಾ?" ಅಂತ, ಅಂದರೆ ಆಡುವಾಗ ಕಾಣುವುದು ಇದೇನಾ ಅಂತ. ಎರಡನೇ ಸಲ, ಗೇಮ್ ಕೈಗೆ ಬಂದ ಮೇಲೆ, "ತೋರಿಸಿದ್ದೇ ಒಂದು, ಕೊಟ್ಟಿದ್ದೇ ಇನ್ನೊಂದು" ಅಂತ. ಇಷ್ಟು ವರ್ಷಗಳ ಈ ಜಗಳಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಟ್ರೇಲರ್ ಅಂದ್ಮೇಲೆ ಸ್ವಲ್ಪ ಚಂದ ಮಾಡಿ ತೋರಿಸೋದು ಸಹಜ ಅಲ್ವಾ? ಮೋಸ ಅಂತ ಯಾವಾಗ ಹೇಳಬೇಕು?

ಸಹಜವೇ. ಟ್ರೇಲರ್ ಇರುವುದೇ ಮಾರಾಟಕ್ಕೆ. ಹತ್ತಾರು ಗಂಟೆಯ ಆಟದಿಂದ ಎರಡು ನಿಮಿಷ ಆರಿಸುವಾಗ ಒಳ್ಳೆಯದನ್ನೇ ಆರಿಸುತ್ತಾರೆ. ಸಂಗೀತ ಹಾಕುತ್ತಾರೆ, ಕ್ಯಾಮೆರಾ ಬೇರೆ ಕಡೆಯಿಂದ ಇಡುತ್ತಾರೆ, ಹೆಲ್ತ್ ಬಾರ್, ಮ್ಯಾಪ್ ಎಲ್ಲ ತೆಗೆದುಹಾಕುತ್ತಾರೆ. ಇದಕ್ಕೆ ನನ್ನ ತಕರಾರಿಲ್ಲ.

ತಕರಾರು ಶುರುವಾಗುವುದು, ಯಾರೋ ಆಡುತ್ತಿದ್ದಾರೆ ಅನ್ನುವ ಹಾಗೆ ತೋರಿಸಿ, ಅಂಥ ಆಟವೇ ಇಲ್ಲದಿದ್ದಾಗ. ಪರದೆಯ ಮೇಲೆ ಗುರಿ ಇಡುವ ಚುಕ್ಕೆ ಇದೆ, ಗುಂಡಿನ ಲೆಕ್ಕ ಇದೆ, ಕಂಟ್ರೋಲರ್ ಹಿಡಿದವರ ಕೈ ತಡವರಿಸಿದ ಹಾಗೆ ಕ್ಯಾಮೆರಾ ಅಲುಗಾಡುತ್ತಿದೆ. ನೋಡುವವರು "ಇದನ್ನು ನಾನೂ ಆಡುತ್ತೇನೆ" ಅಂತ ನಂಬುತ್ತಾರೆ. ಆ ನಂಬಿಕೆ ಹುಟ್ಟಲಿ ಅಂತಲೇ ಇಷ್ಟೆಲ್ಲ ಜೋಡಿಸಿರುತ್ತಾರೆ. ಅದು ನಿಜ ಅಲ್ಲದಿದ್ದರೆ ಅದನ್ನು ಸುಳ್ಳು ಅಂತಲೇ ಕರೆಯಬೇಕು.

ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಏನೇನೋ ಬರುತ್ತಲ್ಲ, ಅದರ ಅರ್ಥ ಏನು?

ಟ್ರೇಲರ್‌ನಲ್ಲಿ ಮೊದಲು ಓದಬೇಕಾದದ್ದು ಅದನ್ನೇ. ಬಹಳ ಜನ ಓದುವುದಿಲ್ಲ.

"ನಾಟ್ ಆಕ್ಚುವಲ್ ಗೇಮ್‌ಪ್ಲೇ" ಅಂದರೆ ನೀವು ನೋಡುತ್ತಿರುವುದು ಆಟ ಅಲ್ಲ, ಆ್ಯನಿಮೇಷನ್ ಸಿನಿಮಾ. ಇದು ಪ್ರಾಮಾಣಿಕ ಮಾತು.

"ಇನ್-ಎಂಜಿನ್ ಫೂಟೇಜ್" ಜಾಸ್ತಿ ದಾರಿ ತಪ್ಪಿಸುತ್ತದೆ. ಗೇಮ್ ಓಡುವ ಸಾಫ್ಟ್‌ವೇರ್‌ನಲ್ಲೇ ಈ ದೃಶ್ಯ ಮಾಡಿದ್ದಾರೆ ಅಂತ ಮಾತ್ರ ಇದರ ಅರ್ಥ. ಯಾರಾದರೂ ಆಡುತ್ತಿದ್ದಾರೆ ಅಂತ ಅಲ್ಲ. ಒಂದೇ ದೃಶ್ಯಕ್ಕಾಗಿ ಬೆಳಕು, ಪಾತ್ರಗಳ ನಡಿಗೆ, ಹೊಗೆ, ಎಲ್ಲವನ್ನೂ ಕೈಯಿಂದ ಜೋಡಿಸಬಹುದು. ನಿಮ್ಮ ಕನ್ಸೋಲ್‌ಗೆ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಕ್ಕೆ) ಸಾಧ್ಯವೇ ಇಲ್ಲದಷ್ಟು ನಿಧಾನವಾಗಿ, ಒಂದೊಂದೇ ಫ್ರೇಮ್ ತೆಗೆದು ಆಮೇಲೆ ಸೇರಿಸಬಹುದು. ಹಾಗೆ ಮಾಡಿದರೂ ಈ ಸಾಲು ಸುಳ್ಳಾಗುವುದಿಲ್ಲ. "ಇನ್-ಗೇಮ್" ಅಂತ ಬರೆದಿದ್ದರೂ ಹುಷಾರಾಗಿರಿ. ಗೇಮ್‌ನೊಳಗೆ ಬರುವ, ನೀವು ಸುಮ್ನೆ ನೋಡುವ ಕಟ್‌ಸೀನ್ ಕೂಡ "ಇನ್-ಗೇಮ್" ಆಗುತ್ತದೆ.

"ಪ್ರೀ-ಆಲ್ಫಾ" ಅಥವಾ "ವರ್ಕ್ ಇನ್ ಪ್ರೋಗ್ರೆಸ್" ಅಂದರೆ ಇನ್ನೂ ತಯಾರಾಗುತ್ತಿದೆ, ಬದಲಾಗಬಹುದು. ಓದಿದವರಿಗೆ ಇನ್ನೂ ಚೆನ್ನಾಗಿ ಆಗುತ್ತದೆ ಅಂತ ಅನಿಸುತ್ತದೆ. ಕೆಟ್ಟದೂ ಆಗಬಹುದು, ಪೂರ್ತಿ ಮಾಯವೂ ಆಗಬಹುದು.

ಯಾವ ಯಂತ್ರದಲ್ಲಿ ಸೆರೆಹಿಡಿದದ್ದು ಅಂತಲೂ ನೋಡಿ. "ಕ್ಯಾಪ್ಚರ್ಡ್ ಆನ್ ಪಿಸಿ" ಅಂತಿದ್ದರೆ ಅದು ಎಷ್ಟು ದುಬಾರಿ ಪಿಸಿ ಅಂತ ಹೇಳಿರುವುದಿಲ್ಲ. ಚೆನ್ನಾಗಿ ಹೇಳಿದ್ದಕ್ಕೆ ಒಂದು ಉದಾಹರಣೆ: 2025ರ ಮೇ ತಿಂಗಳಲ್ಲಿ ರಾಕ್‌ಸ್ಟಾರ್ ತನ್ನ ಜಿಟಿಎ 6ರ ಎರಡನೇ ಟ್ರೇಲರ್ ಬಗ್ಗೆ, ಅದನ್ನು ಪ್ಲೇಸ್ಟೇಷನ್ 5ರಲ್ಲಿ ಸೆರೆಹಿಡಿದದ್ದು, ಅರ್ಧ ಗೇಮ್‌ಪ್ಲೇ, ಅರ್ಧ ಕಟ್‌ಸೀನ್ ಅಂತ ತಿಳಿಸಿತು. ಯಾವ ಭಾಗ ಯಾವುದು ಅಂತ ಹೇಳಲಿಲ್ಲ. ಆದರೂ ಅಷ್ಟು ಹೇಳುವವರೂ ಕಡಿಮೆ.

ಕಂಪನಿಗಳು ಬೇಕಂತಲೇ ಸುಳ್ಳು ಹೇಳುತ್ತವಾ?

ಕೆಲವು ಸಲ ಹೌದು. ಆದರೆ ಹೆಚ್ಚು ಸಲ ನಡೆಯುವುದು ಬೇರೆ, ಮತ್ತು ಅದನ್ನು ಅರ್ಥ ಮಾಡಿಕೊಳ್ಳುವುದು ಮುಖ್ಯ.

ದೊಡ್ಡ ಗೇಮ್ ತಯಾರಾಗಲು ನಾಲ್ಕೈದು ವರ್ಷ ಬೇಕು. ಪ್ರಚಾರ ಅದಕ್ಕೆ ಎಷ್ಟೋ ಮೊದಲೇ ಶುರುವಾಗುತ್ತದೆ. ಆಗ ತೋರಿಸಲು ಆಟವೇ ಇರುವುದಿಲ್ಲ. ಹಾಗಾಗಿ ತಂಡ ಹತ್ತು ಹದಿನೈದು ನಿಮಿಷದ ಒಂದು ಭಾಗವನ್ನು ಮಾತ್ರ ಪೂರ್ತಿ ಹೊಳಪು ಮಾಡುತ್ತದೆ. ಇದಕ್ಕೆ ವರ್ಟಿಕಲ್ ಸ್ಲೈಸ್ ಅನ್ನುತ್ತಾರೆ. ಆ ಹತ್ತು ನಿಮಿಷ ಓಡುತ್ತದೆ. ಅದರ ಆಚೆ ಒಂದು ಹೆಜ್ಜೆ ಇಟ್ಟರೆ ಏನೂ ಇರುವುದಿಲ್ಲ. ಮುಂದೆ ಇಡೀ ಗೇಮ್ ಅದೇ ಮಟ್ಟದಲ್ಲಿ ಓಡಬೇಕು ಅಂದಾಗ ಯಂತ್ರಕ್ಕೆ ಆಗುವುದಿಲ್ಲ. ಆಗ ಒಂದೊಂದಾಗಿ ಕಡಿತ ಶುರು.

ಹೇಲೊ 2 ಇದಕ್ಕೆ ಹಳೆಯ ಉದಾಹರಣೆ. ಇ3 ಅಂದರೆ ಅಮೆರಿಕದಲ್ಲಿ ನಡೆಯುತ್ತಿದ್ದ ದೊಡ್ಡ ಗೇಮ್ ಮೇಳ. 2003ರ ಇ3ಯಲ್ಲಿ ಗೇಮ್ ಮಾಡಿದ ಬಂಜಿ ತಂಡ ತೋರಿಸಿದ ಡೆಮೊ ನೋಡಿ ಜನ ಬೆರಗಾದರು. ಆದರೆ ಆ ಗ್ರಾಫಿಕ್ಸ್ ಎಂಜಿನ್‌ನಲ್ಲಿ ಪೂರ್ತಿ ಗೇಮ್ ಓಡುವ ಹಾಗಿರಲಿಲ್ಲ. ಎಂಜಿನ್ ಬಿಟ್ಟರು, ಆ ಡೆಮೊ ಭಾಗವನ್ನೂ ಬಿಟ್ಟರು. 2004ರ ನವೆಂಬರ್‌ನಲ್ಲಿ ಬಂದ ಗೇಮ್ ಒಳ್ಳೆಯದೇ. ಆದರೆ ಮೇಳದಲ್ಲಿ ನೋಡಿದ್ದು ಅದರಲ್ಲಿರಲಿಲ್ಲ.

ಕಿಲ್‌ಜೋನ್ 2 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2005ರ ಇ3ಯಲ್ಲಿ ಸೋನಿ ಪ್ಲೇಸ್ಟೇಷನ್ 3 ಪರಿಚಯಿಸಿದಾಗ ಈ ಗೇಮ್‌ನ ಯುದ್ಧದ ದೃಶ್ಯ ತೋರಿಸಿತು. ಸೈನಿಕನ ಕಣ್ಣಿನಿಂದ ನೋಡಿದ ಹಾಗೆ, ಆಡುತ್ತಿರುವ ಹಾಗೆಯೇ ಇತ್ತು. ಕನ್ಸೋಲ್ ಮಾರುಕಟ್ಟೆಗೆ ಬರಲು ಇನ್ನೂ ಒಂದೂವರೆ ವರ್ಷ ಇತ್ತು. ಆ ದೃಶ್ಯವನ್ನು ಮಾಡಿದ್ದು ಸ್ಕಾಟ್ಲೆಂಡಿನ ಆ್ಯಕ್ಸಿಸ್ ಆ್ಯನಿಮೇಷನ್ ಅನ್ನುವ ಸ್ಟುಡಿಯೊ, ಪೂರ್ತಿ ಆ್ಯನಿಮೇಷನ್ ಆಗಿ. "ಇಷ್ಟು ಚೆನ್ನಾಗಿ ಬರಬೇಕು ಅಂತ ನಮ್ಮ ಗುರಿ" ಅನ್ನುವ ಇಂಥ ವಿಡಿಯೊಗೆ ಟಾರ್ಗೆಟ್ ರೆಂಡರ್ ಅನ್ನುತ್ತಾರೆ. ತಂಡದ ಒಳಗಿನ ಬಳಕೆಗೆ ಅದು ಒಳ್ಳೆಯದೇ. ವೇದಿಕೆ ಮೇಲೆ ಗೇಮ್ ಅಂತ ತೋರಿಸಿದರೆ ಅಲ್ಲ. ನಂತರ ಗೆರಿಲ್ಲಾ ಗೇಮ್ಸ್ ತಂಡ ವರ್ಷಗಟ್ಟಲೆ ಆ ವಿಡಿಯೊದ ಮಟ್ಟ ಮುಟ್ಟಲು ದುಡಿಯಿತು. ಗೇಮ್ ಬಂದದ್ದು 2009ರಲ್ಲಿ.

ನನಗೆ ಜಾಸ್ತಿ ಬೇಜಾರಾಗುವುದು ಇದೇ. ಸುಳ್ಳು ಡೆಮೊದಿಂದ ನೋವಾಗುವುದು ಕೊಳ್ಳುವವರಿಗೆ ಮಾತ್ರ ಅಲ್ಲ. ಪ್ರಚಾರ ವಿಭಾಗ ಕೊಟ್ಟ ಮಾತನ್ನು ಉಳಿಸಲು ರಾತ್ರಿ ಹಗಲು ಕೂರುವವರು ಪ್ರೋಗ್ರಾಮರ್‌ಗಳು, ಕಲಾವಿದರು. ಬಯೊವೇರ್‌ನ ಆ್ಯಂಥಮ್ ಗೇಮ್ ಬಗ್ಗೆ ಗೇಮ್ ಸುದ್ದಿತಾಣ ಕೊಟಾಕು 2019ರಲ್ಲಿ ಒಂದು ದೀರ್ಘ ವರದಿ ಪ್ರಕಟಿಸಿತು. 2017ರ ಇ3 ಡೆಮೊ ನೋಡಿದ ಮೇಲೆಯೇ ತಾವು ಎಂಥ ಗೇಮ್ ಮಾಡುತ್ತಿದ್ದೇವೆ ಅಂತ ತಂಡದ ಕೆಲವರಿಗೆ ಸ್ಪಷ್ಟವಾಯಿತು ಅಂತ ಅದರಲ್ಲಿತ್ತು.

ಇದುವರೆಗಿನ ಅತಿ ಕೆಟ್ಟ ಪ್ರಕರಣ ಯಾವುದು?

ನನ್ನ ಲೆಕ್ಕದಲ್ಲಿ ಏಲಿಯನ್ಸ್: ಕೊಲೊನಿಯಲ್ ಮರೀನ್ಸ್. ಗೇರ್‌ಬಾಕ್ಸ್ ಮಾಡಿದ್ದು, ಸೆಗಾ ಪ್ರಕಟಿಸಿದ್ದು, 2013ರ ಫೆಬ್ರವರಿಯಲ್ಲಿ ಬಂದದ್ದು. ಮೊದಲು ತೋರಿಸಿದ ಡೆಮೊದಲ್ಲಿ ಕತ್ತಲೆ, ನೆರಳು, ಎಲ್ಲಿಂದ ಬರುತ್ತವೋ ಗೊತ್ತಾಗದ ಏಲಿಯನ್‌ಗಳು ಇದ್ದವು. ಕೈಗೆ ಬಂದ ಗೇಮ್‌ನಲ್ಲಿ ಬೆಳಕು ಸಪ್ಪೆ, ಏಲಿಯನ್‌ಗಳು ನೇರವಾಗಿ ಗುಂಡಿಗೆ ಎದುರು ಬಂದು ನಿಲ್ಲುತ್ತಿದ್ದವು. ಎರಡು ವಿಡಿಯೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಯಾರಿಗೂ ಅನುಮಾನ ಉಳಿಯುತ್ತಿರಲಿಲ್ಲ.

ಬ್ರಿಟನ್‌ನ ಜಾಹೀರಾತು ನಿಯಂತ್ರಣ ಸಂಸ್ಥೆ ಎಎಸ್‌ಎಗೆ ದೂರು ಹೋಯಿತು. ಟ್ರೇಲರ್‌ಗಳು ಅಂತಿಮ ಗೇಮ್‌ಗೆ ಪೂರ್ತಿ ಹೊಂದುವುದಿಲ್ಲ ಅಂತ ಸೆಗಾ ಒಪ್ಪಿ, ವಿಡಿಯೊಗಳಿಗೆ ಆ ಬಗ್ಗೆ ಸೂಚನೆ ಸೇರಿಸಲು ಒಪ್ಪಿತು. ಅಮೆರಿಕದಲ್ಲಿ ಆಟಗಾರರು ಮೊಕದ್ದಮೆ ಹೂಡಿದರು. 2014ರಲ್ಲಿ ಸೆಗಾ 12.5 ಲಕ್ಷ ಡಾಲರ್ ಕೊಟ್ಟು ರಾಜಿಗೆ ಮುಂದಾಯಿತು.

ಇದಕ್ಕೆ ಇನ್ನೊಂದು ಬಾಲವೂ ಇದೆ. 2018ರಲ್ಲಿ ಎಲ್ಲೆಡೆ ಸುದ್ದಿಯಾದದ್ದು. ಗೇಮ್‌ನ ಒಂದು ಸೆಟ್ಟಿಂಗ್ಸ್ ಫೈಲ್‌ನಲ್ಲಿ "ಟೆದರ್" ಅನ್ನುವ ಪದಕ್ಕೆ ಒಂದು ಅಕ್ಷರ ಹೆಚ್ಚು ಬಿದ್ದಿತ್ತು. ಅದನ್ನು ಅಳಿಸಿದರೆ ಏಲಿಯನ್‌ಗಳು ಮೊದಲಿಗಿಂತ ಚುರುಕಾಗಿ, ಸುತ್ತಿ ಬಳಸಿ ಬರುತ್ತಿದ್ದವು. ಕಂಪನಿ ವರ್ಷಗಟ್ಟಲೆ ಅದನ್ನು ಸರಿ ಮಾಡಿರಲಿಲ್ಲ. ಸುಳ್ಳು ಡೆಮೊಗೆ ಇದು ಸಮಜಾಯಿಷಿ ಆಗುವುದಿಲ್ಲ. ಆದರೆ ಪ್ರಚಾರಕ್ಕೆ ಸಿಕ್ಕ ಗಮನದ ಸ್ವಲ್ಪ ಭಾಗ ಪರೀಕ್ಷೆಗೂ ಸಿಗಬೇಕಿತ್ತು.

ಡೌನ್‌ಗ್ರೇಡ್, ಅಂದರೆ ತೋರಿಸಿದ್ದಕ್ಕಿಂತ ಗ್ರಾಫಿಕ್ಸ್ ಇಳಿಸಿದ್ದಾರೆ ಅಂತಾರಲ್ಲ, ಅದು ಯಾವಾಗಲೂ ನಿಜವಾ?

ಇಲ್ಲ. ಎರಡೂ ಥರದ ಉದಾಹರಣೆ ಇದೆ.

ಯುಬಿಸಾಫ್ಟ್‌ನ ವಾಚ್ ಡಾಗ್ಸ್ 2012ರ ಇ3ಯಲ್ಲಿ ಕಂಡ ಹಾಗೆ 2014ರ ಮೇನಲ್ಲಿ ಬರಲಿಲ್ಲ. ಮಳೆ, ಬೆಳಕು, ಗಾಳಿಗೆ ಹಾರುವ ಬಟ್ಟೆ, ಎಲ್ಲ ಮಂಕಾಗಿತ್ತು. ಗೇಮ್ ಬಂದ ಕೆಲವೇ ವಾರಗಳಲ್ಲಿ ಒಬ್ಬ ಮಾಡರ್ (ಗೇಮ್‌ನ ಫೈಲ್‌ಗಳನ್ನು ತಾನೇ ತಿದ್ದುವ ಹವ್ಯಾಸಿ), ಪಿಸಿ ಆವೃತ್ತಿಯ ಫೈಲ್‌ಗಳೊಳಗೆ ಇ3 ಕಾಲದ ಕೆಲವು ಗ್ರಾಫಿಕ್ಸ್ ಸೆಟ್ಟಿಂಗ್‌ಗಳು ಹಾಗೇ ಕೂತಿರುವುದನ್ನು ಕಂಡುಹಿಡಿದು, ಅವನ್ನು ಆನ್ ಮಾಡಿ ತೋರಿಸಿದ. ಅವು ಆಟದ ಓಟಕ್ಕೆ, ಸ್ಪಷ್ಟತೆಗೆ ತೊಂದರೆ ಕೊಡಬಹುದು ಅಂತ ಯುಬಿಸಾಫ್ಟ್ ಉತ್ತರಿಸಿತು. ಆ ಉತ್ತರದಲ್ಲಿ ತಿರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆ ಮಾತನ್ನು ಗೇಮ್ ಮಾರುವ ಮೊದಲು ಹೇಳಬೇಕಿತ್ತು.

2018ರ ಸ್ಪೈಡರ್-ಮ್ಯಾನ್ ಇದಕ್ಕೆ ವಿರುದ್ಧ. ಒಂದು ದೃಶ್ಯದಲ್ಲಿ ಹಿಂದಿನ ವರ್ಷದ ಟ್ರೇಲರ್‌ಗಿಂತ ನೀರಿನ ಗುಂಡಿಗಳು ಕಡಿಮೆ ಇವೆ ಅಂತ ಗಲಾಟೆ ಎದ್ದಿತು. ಇನ್‌ಸೋಮ್ನಿಯಾಕ್ ತಂಡ, ಗುಂಡಿಯ ಗಾತ್ರ ಬದಲಿಸಿದ್ದೇವೆ ಅಷ್ಟೇ, ಗುಣಮಟ್ಟ ಇಳಿಸಿಲ್ಲ ಅಂದಿತು. ಗೇಮ್ ಬಂದ ಮೇಲೆ ತಾಂತ್ರಿಕವಾಗಿ ಹೋಲಿಸಿ ನೋಡಿದವರೂ ಅದನ್ನೇ ಹೇಳಿದರು. ದೃಶ್ಯದಲ್ಲಿ ಏನೋ ಬದಲಾಗಿದೆ ಅಂದ ಮಾತ್ರಕ್ಕೆ ಮೋಸ ಆಗಿದೆ ಅಂತ ಅಲ್ಲ. ಸಣ್ಣದಕ್ಕೆಲ್ಲ ಕೂಗಾಡಿದರೆ ನಿಜವಾದ ಮೋಸ ಆದಾಗ ಯಾರೂ ಕೇಳುವುದಿಲ್ಲ.

ನೋ ಮ್ಯಾನ್ಸ್ ಸ್ಕೈ ಮೋಸ ಮಾಡಿತಾ, ಇಲ್ವಾ?

2016ರ ಆಗಸ್ಟ್‌ನಲ್ಲಿ ಕೇಳಿದ್ದರೆ ಹೆಚ್ಚಿನವರು ಹೌದು ಅನ್ನುತ್ತಿದ್ದರು. ಹಲೋ ಗೇಮ್ಸ್ ಅನ್ನುವ ಪುಟ್ಟ ತಂಡ, ಎಣಿಸಲಾಗದಷ್ಟು ಗ್ರಹಗಳು, ಅದಕ್ಕೆ ತಕ್ಕ ಪ್ರಚಾರ. ಟ್ರೇಲರ್‌ಗಳಲ್ಲಿ ಮಂದೆ ಮಂದೆಯಾಗಿ ಓಡುವ ದೈತ್ಯ ಪ್ರಾಣಿಗಳಿದ್ದವು, ದೊಡ್ಡ ಬಾಹ್ಯಾಕಾಶ ಯುದ್ಧಗಳಿದ್ದವು. ಇನ್ನೊಬ್ಬ ಆಟಗಾರ ಎದುರಾಗಬಹುದು ಅಂತ ತಂಡದ ಮುಖ್ಯಸ್ಥ ಶಾನ್ ಮರ್ರೆ ಸಂದರ್ಶನಗಳಲ್ಲಿ ಹೇಳಿದ್ದರು. ಗೇಮ್ ಬಂದ ಕೂಡಲೇ ಇಬ್ಬರು ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಲೇ ಇಲ್ಲ.

ಇಲ್ಲಿಯೂ ಎಎಸ್‌ಎಗೆ ದೂರು ಹೋಯಿತು, 23 ಜನರಿಂದ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿದ್ದ ಅದರ ಪುಟದ ಚಿತ್ರ, ವಿಡಿಯೊಗಳ ಬಗ್ಗೆ. ನವೆಂಬರ್‌ನಲ್ಲಿ ತೀರ್ಪು ಕಂಪನಿಯ ಪರವಾಗಿ ಬಂತು. ಗ್ರಹಗಳನ್ನು ಗಣಿತದ ಸೂತ್ರದಿಂದ ಕಂಪ್ಯೂಟರೇ ಸೃಷ್ಟಿಸುವ ಗೇಮ್ ಇದು. ಒಬ್ಬೊಬ್ಬರಿಗೆ ಕಾಣುವುದು ಬೇರೆ ಬೇರೆ ಅಂತ ಜನರಿಗೆ ಗೊತ್ತಾಗುತ್ತದೆ, ತೋರಿಸಿದಂಥದ್ದು ಗೇಮ್‌ನಲ್ಲಿ ಸಿಗಲು ಸಾಧ್ಯ, ಆದ್ದರಿಂದ ದಾರಿ ತಪ್ಪಿಸಿದ ಹಾಗಲ್ಲ ಅಂತ. ಕಾನೂನಿನ ಮಟ್ಟಿಗೆ ಅದು ಸರಿ ಇರಬಹುದು. ಕೊಂಡವರ ನಿರಾಸೆಗೆ ಅದು ಉತ್ತರ ಆಗಲಿಲ್ಲ.

ಮುಂದಿನದ್ದು ಅಪರೂಪದ್ದು. ಆ ತಂಡ ಮಾತು ನಿಲ್ಲಿಸಿ ಕೆಲಸಕ್ಕೆ ಕೂತಿತು. ವರ್ಷ ವರ್ಷವೂ ಉಚಿತ ಅಪ್‌ಡೇಟ್ ಕೊಟ್ಟಿತು. 2018ರ ಜುಲೈನಲ್ಲಿ ಪೂರ್ಣ ಮಲ್ಟಿಪ್ಲೇಯರ್ ಬಂತು, ಅಂದರೆ ಹಲವರು ಒಟ್ಟಿಗೆ ಆಡಬಹುದಾಯಿತು. 2024ರ ಹೊತ್ತಿಗೆ ಸ್ಟೀಮ್‌ನಲ್ಲಿ ಅದರ ಒಟ್ಟಾರೆ ವಿಮರ್ಶೆ "ವೆರಿ ಪಾಸಿಟಿವ್" ಮುಟ್ಟಿತು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ "ಆಮೇಲೆ ಸರಿ ಮಾಡ್ತಾರೆ ಬಿಡಿ" ಅಂತ ಬೇರೆ ಕಂಪನಿಗಳಿಗೆ ಮೊದಲೇ ದುಡ್ಡು ಕೊಡಲು ಇದು ಕಾರಣ ಆಗಬಾರದು. ಹೀಗೆ ಹಿಂದಿರುಗಿ ಬಂದ ಗೇಮ್‌ಗಳು ಬೆರಳೆಣಿಕೆ.

ಸೈಬರ್‌ಪಂಕ್ 2077 ವಿವಾದ ಟ್ರೇಲರ್‌ನದ್ದಾ, ಬಗ್‌ಗಳದ್ದಾ, ಅಂದರೆ ಗೇಮ್‌ನ ದೋಷಗಳದ್ದಾ?

ಎರಡೂ. ಅದಕ್ಕಿಂತ ಹೆಚ್ಚಾಗಿ, ಏನನ್ನು ತೋರಿಸಲಿಲ್ಲ ಅನ್ನುವುದರದ್ದು.

ಸಿಡಿ ಪ್ರೊಜೆಕ್ಟ್ ರೆಡ್ 2018ರಲ್ಲಿ 48 ನಿಮಿಷದ ಡೆಮೊ ಬಿಡುಗಡೆ ಮಾಡಿತ್ತು. ಅದರಲ್ಲಿದ್ದ ಕೆಲವು ಸಂಗತಿಗಳು ಅಂತಿಮ ಗೇಮ್‌ನಲ್ಲಿ ಇರಲಿಲ್ಲ. ಇದು ಹಳೆಯ ಕಥೆಯೇ. ಹೊಸದು ಏನು ಅಂದರೆ, 2020ರ ಡಿಸೆಂಬರ್ 10ರಂದು ಗೇಮ್ ಬರುವ ಮೊದಲು ವಿಮರ್ಶಕರಿಗೆ ಪಿಸಿ ಆವೃತ್ತಿ ಮಾತ್ರ ಕೊಟ್ಟರು. ತಾವೇ ರೆಕಾರ್ಡ್ ಮಾಡಿದ ವಿಡಿಯೊ ಹಾಕಲು ಅವರಿಗೆ ಅವಕಾಶ ಇರಲಿಲ್ಲ. ಕಂಪನಿ ಕೊಟ್ಟದ್ದನ್ನೇ ಬಳಸಬೇಕಿತ್ತು. ಹಳೆಯ ಕನ್ಸೋಲ್‌ಗಳಾದ ಪಿಎಸ್4, ಎಕ್ಸ್‌ಬಾಕ್ಸ್ ಒನ್‌ನಲ್ಲಿ ಗೇಮ್ ಹೇಗೆ ಓಡುತ್ತದೆ ಅಂತ ವಿಮರ್ಶಕರು ಆಡಿ ನೋಡಿರಲಿಲ್ಲ. ಹಿಂದಿನ ತಿಂಗಳು ಹೂಡಿಕೆದಾರರ ಜೊತೆ ಮಾತಾಡುವಾಗ, ಹಳೆಯ ಕನ್ಸೋಲ್‌ಗಳಲ್ಲಿ ಅಚ್ಚರಿ ಆಗುವಷ್ಟು ಚೆನ್ನಾಗಿ ಓಡುತ್ತಿದೆ ಅಂತ ಕಂಪನಿಯ ಮುಖ್ಯಸ್ಥರು ಹೇಳಿದ್ದರು. ಕೊಂಡವರ ಮನೆಯಲ್ಲಿ ಅದು ತಡವರಿಸುತ್ತಿತ್ತು, ಮಧ್ಯದಲ್ಲೇ ನಿಂತುಹೋಗುತ್ತಿತ್ತು.

ಒಂದು ವಾರದಲ್ಲಿ ಸೋನಿ ಅದನ್ನು ಪ್ಲೇಸ್ಟೇಷನ್ ಸ್ಟೋರ್‌ನಿಂದಲೇ ತೆಗೆದು, ದುಡ್ಡು ವಾಪಸ್ ಕೊಡಲು ಶುರು ಮಾಡಿತು. ಮತ್ತೆ ಸ್ಟೋರ್‌ಗೆ ಬಂದದ್ದು 2021ರ ಜೂನ್‌ನಲ್ಲಿ. ಅಮೆರಿಕದ ಮೊಕದ್ದಮೆ 18.5 ಲಕ್ಷ ಡಾಲರ್ ರಾಜಿಯಲ್ಲಿ ಮುಗಿಯಿತು. ಆ ಹಣ ಹೂಡಿಕೆದಾರರಿಗೆ, ಆಟಗಾರರಿಗೆ ಅಲ್ಲ. ಈಗ ಗೇಮ್ ಚೆನ್ನಾಗಿದೆ, ಆಡಬಹುದು. ಆದರೆ ಹಳೆಯ ಕನ್ಸೋಲ್‌ನ ಆಟಗಾರರಿಂದ ಗೊತ್ತಿದ್ದೂ ವಿಷಯ ಮುಚ್ಚಿಟ್ಟದ್ದನ್ನು ಮರೆಯಲು ನನಗೆ ಆಗುವುದಿಲ್ಲ.

ಪೂರ್ತಿ ಸಿನಿಮಾ ಥರ ಇರುವ ಟ್ರೇಲರ್‌ಗಳೂ ತಪ್ಪಾ?

ಗೇಮ್‌ಪ್ಲೇ ಅಂತ ಹೇಳಿಕೊಳ್ಳದಿದ್ದರೆ ತಪ್ಪಲ್ಲ. ಅಲ್ಲಿ ಬರುವ ಸಮಸ್ಯೆ ಭಾವದ್ದು. 2011ರ ಡೆಡ್ ಐಲ್ಯಾಂಡ್ ಟ್ರೇಲರ್ ನೋಡಿ. ಜಾಂಬಿಗಳ ನಡುವೆ ಸಿಕ್ಕಿಬಿದ್ದ ಒಂದು ಕುಟುಂಬ, ಪುಟ್ಟ ಹುಡುಗಿಯ ಸಾವು, ಎಲ್ಲವೂ ಹಿಂದುಮುಂದಾಗಿ ಓಡುತ್ತದೆ. ಕಿಲ್‌ಜೋನ್ ವಿಡಿಯೊ ಮಾಡಿದ ಅದೇ ಆ್ಯಕ್ಸಿಸ್ ಸ್ಟುಡಿಯೊ ಕೆಲಸ. ಕಾನ್ ಜಾಹೀರಾತು ಉತ್ಸವದಲ್ಲಿ ಪ್ರಶಸ್ತಿಯೂ ಬಂತು. ಆದರೆ ಗೇಮ್‌ನಲ್ಲಿ ಆ ದುಃಖದ ಸುಳಿವೂ ಇರಲಿಲ್ಲ. ದೊಣ್ಣೆ, ಮಚ್ಚು ಹಿಡಿದು ಸ್ನೇಹಿತರ ಜೊತೆ ಜಾಂಬಿಗಳನ್ನು ಬಡಿಯುವ ಆಟ ಅದು. ಆಟವಾಗಿ ಮಜಾ ಇದೆ. ಟ್ರೇಲರ್ ನೋಡಿ ಕಣ್ಣು ಒದ್ದೆಯಾಗಿ ಕೊಂಡವರು ಹುಡುಕಿದ್ದು ಮಾತ್ರ ಸಿಗಲಿಲ್ಲ.

ಕಥೆಯ ಗುಟ್ಟು ಕಾಪಾಡಲು ಟ್ರೇಲರ್‌ನಲ್ಲಿ ಸುಳ್ಳು ತೋರಿಸಿದರೆ?

ಇದನ್ನು ನಾನು ಕ್ಷಮಿಸುತ್ತೇನೆ. ಮೆಟಲ್ ಗಿಯರ್ ಸಾಲಿಡ್ 2 ಟ್ರೇಲರ್‌ಗಳು ಹಿಂದಿನ ಗೇಮ್‌ನ ನಾಯಕ ಸ್ನೇಕ್‌ನನ್ನೇ ತೋರಿಸಿದವು. 2001ರಲ್ಲಿ ಗೇಮ್ ಬಂದಾಗ ಹೆಚ್ಚು ಹೊತ್ತು ಆಡಬೇಕಾದದ್ದು ರೈಡನ್ ಅನ್ನುವ ಹೊಸ ಪಾತ್ರವನ್ನು. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2ರ ಒಂದು ಟ್ರೇಲರ್‌ನಲ್ಲಿ ಜೋಯಲ್ ಹೇಳುವ ಮಾತನ್ನು ಗೇಮ್‌ನಲ್ಲಿ ಬೇರೆ ಪಾತ್ರ ಹೇಳುತ್ತದೆ. ಕೋಪ ಬಂದವರು ಇದ್ದಾರೆ, ಅವರ ಕೋಪವೂ ಅರ್ಥವಾಗುತ್ತದೆ. ಆದರೆ ಇಲ್ಲಿ ಮುಚ್ಚಿಟ್ಟದ್ದು ಕಥೆಯ ತಿರುವನ್ನು. ಆಟದ ಕೊರತೆಯನ್ನಲ್ಲ.

ಮೊಬೈಲ್ ಗೇಮ್ ಜಾಹೀರಾತಿನಲ್ಲಿ ಪಿನ್ ಎಳೆಯೋ ಆಟ ಬರುತ್ತೆ. ಡೌನ್‌ಲೋಡ್ ಮಾಡಿದರೆ ಬೇರೆ ಏನೋ ಇರುತ್ತೆ. ಯಾಕೆ?

ಪಿನ್ ಎಳೆಯುವ ಜಾಹೀರಾತನ್ನು ಜನ ಒತ್ತುತ್ತಾರೆ ಅಂತ ಕಂಪನಿಗಳಿಗೆ ಗೊತ್ತು. ಅಲ್ಲಿ ಆಡುವವರು ಬೇಕಂತಲೇ ತಪ್ಪು ಪಿನ್ ಎಳೆಯುತ್ತಾರೆ, "ಛೆ, ನಾನಾಗಿದ್ದರೆ ಸರಿ ಮಾಡುತ್ತಿದ್ದೆ" ಅಂತ ನಿಮಗೆ ಅನ್ನಿಸಲಿ ಅಂತ. ನೂರಾರು ಜಾಹೀರಾತು ಮಾಡಿ, ಯಾವುದಕ್ಕೆ ಜಾಸ್ತಿ ಕ್ಲಿಕ್ ಬರುತ್ತದೋ ಅದನ್ನು ಇಟ್ಟುಕೊಳ್ಳುತ್ತಾರೆ. ಅದು ತಮ್ಮ ಗೇಮ್‌ನಲ್ಲಿ ಇದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಪ್ಲೇರಿಕ್ಸ್ ಕಂಪನಿಯ ಹೋಮ್‌ಸ್ಕೇಪ್ಸ್, ಗಾರ್ಡನ್‌ಸ್ಕೇಪ್ಸ್ ಗೇಮ್‌ಗಳು ಮೂಲತಃ ಒಂದೇ ಬಣ್ಣದ ಮೂರು ತುಂಡು ಜೋಡಿಸುವ ಆಟಗಳು. ಜಾಹೀರಾತಿನ ಒಗಟುಗಳು ಗೇಮ್‌ನೊಳಗೆ ಅಲ್ಲೊಂದು ಇಲ್ಲೊಂದು ಬರುತ್ತಿದ್ದವು ಅಷ್ಟೇ. "ಎಲ್ಲ ಚಿತ್ರಗಳೂ ನಿಜವಾದ ಆಟದ್ದಲ್ಲ" ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರೂ ಸಾಲದು ಅಂತ ಎಎಸ್‌ಎ 2020ರ ಸೆಪ್ಟೆಂಬರ್‌ನಲ್ಲಿ ಅಂಥ ಎರಡು ಜಾಹೀರಾತುಗಳನ್ನು ತಡೆಯಿತು. ಈಗ ಹಲವು ಕಂಪನಿಗಳು ಜಾಹೀರಾತಿನ ಒಗಟನ್ನೇ ಒಂದು ಸಣ್ಣ ಆಟವಾಗಿ ಒಳಗೆ ಸೇರಿಸುತ್ತಿವೆ. ಮಕ್ಕಳ ಕೈಯಲ್ಲಿ ಫೋನ್ ಇರುವ ಕಾಲದಲ್ಲಿ ಈ ವಿಷಯಕ್ಕೆ ಸಿಗುವ ಗಮನ ತೀರಾ ಕಡಿಮೆ.

ಯೂಟ್ಯೂಬ್‌ನಲ್ಲಿ ಆಡಿ ತೋರಿಸುವವರನ್ನು ನಂಬಬಹುದಾ?

ದುಡ್ಡು ಯಾರು ಕೊಟ್ಟಿದ್ದಾರೆ ಅಂತ ನೋಡಿಕೊಂಡು ನಂಬಿ. 2014ರಲ್ಲಿ ವಾರ್ನರ್ ಬ್ರದರ್ಸ್ ತನ್ನ ಶ್ಯಾಡೊ ಆಫ್ ಮೊರ್ಡೊರ್ ಗೇಮ್‌ಗೆ ಪ್ರಸಿದ್ಧ ಯೂಟ್ಯೂಬರ್‌ಗಳಿಗೆ ಹಣ ಕೊಟ್ಟು ವಿಡಿಯೊ ಮಾಡಿಸಿತು. ಒಳ್ಳೆಯದನ್ನೇ ಹೇಳಬೇಕು, ಬಗ್ ತೋರಿಸಬಾರದು ಅಂತ ಷರತ್ತು. ಪ್ರಾಯೋಜಕತ್ವದ ಮಾತು ವಿಡಿಯೊ ಕೆಳಗಿನ ವಿವರಣೆಯಲ್ಲಿ, "ಶೋ ಮೋರ್" ಒತ್ತಿದರೆ ಮಾತ್ರ ಕಾಣುತ್ತಿತ್ತು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಇದನ್ನು ಹಿಡಿಯಿತು, 2016ರಲ್ಲಿ ಕಂಪನಿ ರಾಜಿಗೆ ಒಪ್ಪಿತು. ಆ ಗೇಮ್ ನಿಜಕ್ಕೂ ಚೆನ್ನಾಗಿತ್ತು. ಅಂಥ ಕೆಲಸದ ಅಗತ್ಯವೇ ಇರಲಿಲ್ಲ.

ಲಕ್ಷಾಂತರ ಜನ ವಿಶ್‌ಲಿಸ್ಟ್ ಮಾಡಿದ್ದಾರೆ (ಮುಂದೆ ಕೊಳ್ಳುವ ಪಟ್ಟಿಗೆ ಸೇರಿಸಿದ್ದಾರೆ) ಅಂದ್ರೆ ಗೇಮ್ ಚೆನ್ನಾಗೇ ಇರಬೇಕಲ್ವಾ?

ಇಲ್ಲ. ವಿಶ್‌ಲಿಸ್ಟ್ ಮಾಡಿದವರೂ ನಿಮ್ಮ ಹಾಗೆ ಟ್ರೇಲರ್ ಮಾತ್ರ ನೋಡಿದವರು. ದಿ ಡೇ ಬಿಫೋರ್ ಒಂದು ಹೊತ್ತಿನಲ್ಲಿ ಸ್ಟೀಮ್‌ನ ವಿಶ್‌ಲಿಸ್ಟ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿತ್ತು. ಬಹಳ ಜನ ಒಟ್ಟಿಗೆ ಬದುಕುವ ದೊಡ್ಡ ತೆರೆದ ಜಗತ್ತು ಅಂತ ಪ್ರಚಾರ. 2023ರ ಡಿಸೆಂಬರ್ 7ರಂದು ಬಂದದ್ದು ಒಂದು ನಗರದಲ್ಲಿ ಸಾಮಾನು ದೋಚಿ ಹೊರಬರುವ ಶೂಟರ್. ಡಿಸೆಂಬರ್ 11ಕ್ಕೆ ಫೆಂಟಾಸ್ಟಿಕ್ ಸ್ಟುಡಿಯೊ ಬಾಗಿಲು ಹಾಕುವುದಾಗಿ ಹೇಳಿತು. 2024ರ ಜನವರಿ 22ಕ್ಕೆ ಸರ್ವರ್‌ಗಳೂ ನಿಂತವು.

ಹಾಗಾದರೆ ಟ್ರೇಲರ್ ನೋಡುವಾಗ ಏನು ಗಮನಿಸಬೇಕು?

ಒಂದೇ ಕ್ಯಾಮೆರಾದಲ್ಲಿ, ಕತ್ತರಿಸದೆ, ಐದು ಹತ್ತು ನಿಮಿಷ ಆಟ ತೋರಿಸಿದ್ದಾರಾ ನೋಡಿ. ಬರೀ ಎರಡೆರಡು ಸೆಕೆಂಡಿನ ತುಣುಕುಗಳಾದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಮೆನು, ಮ್ಯಾಪ್ ಕಾಣುತ್ತಿವೆಯಾ, ಆಡುವವರು ಎಡವುತ್ತಾರಾ ನೋಡಿ. ಹೆಡ್‌ಫೋನ್‌ನಲ್ಲಿ ಗೆಳೆಯರು ಮಾತಾಡಿಕೊಳ್ಳುವ ಹಾಗೆ ನಟರಿಂದ ಓದಿಸಿದ ಸಂಭಾಷಣೆ ಬಂದರೆ, ಎಲ್ಲವೂ ಮೊದಲೇ ಬರೆದಿಟ್ಟದ್ದು ಅಂತ ತಿಳಿಯಿರಿ.

ಎಲ್ಲಕ್ಕಿಂತ ಮುಖ್ಯ, ವಿಮರ್ಶೆಗಳು ಯಾವಾಗ ಹೊರಬರುತ್ತವೆ ಅನ್ನುವುದು. 2014ರ ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದು ಅರ್ಧ ದಿನ ಆಗುವವರೆಗೂ ವಿಮರ್ಶೆ ಪ್ರಕಟಿಸುವಂತಿರಲಿಲ್ಲ. ಗೇಮ್ ತುಂಬ ಬಗ್‌ಗಳಿದ್ದವು. ವಿಮರ್ಶೆಗೆ ಮುಂಚೆ ದುಡ್ಡು ಕೇಳುವವರಿಗೆ ಕಾಯಲು ಹೇಳಿ. ಡಿಜಿಟಲ್ ಪ್ರತಿ ಖಾಲಿ ಆಗುವುದಿಲ್ಲ, ಪ್ರೀ-ಆರ್ಡರ್ ಮಾಡಿ (ಗೇಮ್ ಬರುವ ಮೊದಲೇ ದುಡ್ಡು ಕೊಟ್ಟು) ನೀವು ಗಳಿಸುವುದು ಹೆಚ್ಚೆಂದರೆ ಒಂದು ಬಣ್ಣದ ಬಟ್ಟೆ, ಒಂದು ಕತ್ತಿ.

ಅಂಗಡಿಗಳ ನಿಯಮವೂ ಸ್ವಲ್ಪ ಸುಧಾರಿಸಿದೆ. ಸ್ಟೋರ್ ಪುಟದ ಸ್ಕ್ರೀನ್‌ಶಾಟ್ ಜಾಗದಲ್ಲಿ ಗೇಮ್‌ನ ನಿಜವಾದ ಚಿತ್ರಗಳೇ ಇರಬೇಕು ಅಂತ ಸ್ಟೀಮ್ ನಡೆಸುವ ವಾಲ್ವ್ 2016ರ ನವೆಂಬರ್‌ನಲ್ಲಿ ಡೆವಲಪರ್‌ಗಳಿಗೆ ಹೇಳಿತು. ತನ್ನದೇ ಡೋಟಾ 2 ಪುಟದಲ್ಲಿ ಆ ತಪ್ಪು ಇತ್ತು ಅಂತಲೂ ಒಪ್ಪಿಕೊಂಡಿತು. ಹಾಗಾಗಿ ಟ್ರೇಲರ್ ಮುಗಿದ ಮೇಲೆ ಸ್ಕ್ರೀನ್‌ಶಾಟ್‌ಗಳನ್ನೂ ನೋಡಿ.

ಟ್ರೇಲರ್ ನಂಬಿ ಕೊಂಡೆ. ತೋರಿಸಿದ ಹಾಗೆ ಇಲ್ಲ. ಈಗ ಏನು ಮಾಡಲಿ?

ಮೊದಲು ಆಟ ನಿಲ್ಲಿಸಿ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಏನೇ ಇರಲಿ, ದುಡ್ಡು ವಾಪಸ್ ಕೇಳಬಹುದು. 2015ರಿಂದ ಈ ನಿಯಮ ಇದೆ. ಆಟದ ಗಂಟೆ ಓಡುತ್ತಲೇ ಇರುತ್ತದೆ, ಆದ್ದರಿಂದ ಗೇಮ್ ಆನ್ ಇಟ್ಟು ಎದ್ದು ಹೋಗಬೇಡಿ. ಅವಧಿ ಮೀರಿದ್ದರೂ ಕೇಳಿ ನೋಡಿ, ಅಂಥ ಅರ್ಜಿಗಳನ್ನೂ ಅವರು ನೋಡುತ್ತಾರೆ. ಬೇರೆ ಸ್ಟೋರ್‌ಗಳ ನಿಯಮ ಬೇರೆ ಬೇರೆ. ಕೆಲವು ಕಡೆ ಒಮ್ಮೆ ಡೌನ್‌ಲೋಡ್ ಶುರುವಾದರೆ ಕಷ್ಟ. ಕೊಳ್ಳುವ ಮೊದಲೇ ಓದಿಕೊಳ್ಳಿ.

ಅರ್ಜಿಯಲ್ಲಿ "ಗೇಮ್ ಚೆನ್ನಾಗಿಲ್ಲ" ಅಂತ ಬರೆದು ಬಿಡಬೇಡಿ. ಯಾವ ಟ್ರೇಲರ್, ಎಷ್ಟನೇ ನಿಮಿಷ, ಏನು ತೋರಿಸಿದ್ದರು, ಏನು ಇಲ್ಲ ಅಂತ ಬರೆಯಿರಿ. ಟ್ರೇಲರ್‌ನ ಕೊಂಡಿ, ಸ್ಟೋರ್ ಪುಟದ ಸ್ಕ್ರೀನ್‌ಶಾಟ್ ಆ ದಿನವೇ ಉಳಿಸಿಕೊಳ್ಳಿ, ಪುಟಗಳು ಬದಲಾಗುತ್ತವೆ. ಅಂಗಡಿ ಒಪ್ಪದಿದ್ದರೆ ನಿಮ್ಮ ದೇಶದ ಗ್ರಾಹಕ ವೇದಿಕೆಗೋ ಜಾಹೀರಾತು ನಿಯಂತ್ರಣ ಸಂಸ್ಥೆಗೋ ಅದೇ ದಾಖಲೆ ಕಳಿಸಿ. ಪ್ಲೇರಿಕ್ಸ್ ಜಾಹೀರಾತುಗಳನ್ನು ನಿಲ್ಲಿಸಲು ಬೇಕಾದದ್ದು ಏಳು ಜನರ ದೂರು ಅಷ್ಟೇ.